ಒಂಬೈನೂರು ಮೆಗಾಬಿಟ್, ಒಂದು ಕೋಣೆ

ನವೆಂಬರ್ 14

ಪೂಜ್ಯ ಚಿಕ್ಕಮ್ಮನವರಿಗೆ ನಮಸ್ಕಾರಗಳು.

ಕಾಗದ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಕೇಳುತ್ತೇನೆ. ನಿಮಗೆ ಎಷ್ಟು ಕೆಲಸವಿರುತ್ತದೆಂದು ನನಗೆ ಗೊತ್ತು. ನನ್ನ ಕನ್ನಡವೂ ಅಷ್ಟಕ್ಕಷ್ಟೇ, ಸಾಲಿಗೊಂದು ಇಂಗ್ಲಿಷ್ ನುಸುಳುತ್ತದೆ, ಅದಕ್ಕೂ ಸಾರಿ. ಫೋನ್ ಮಾಡೋಣವೆಂದರೆ ನಿಮ್ಮ ಕಣಿವೆಯಲ್ಲಿ ಮೊಬೈಲ್ ಹಚ್ಚುವುದೇ ಅಪರಾಧ. ಆಕಾಶದ ಪಿಸುಮಾತು ಕೇಳಿಸಿಕೊಳ್ಳುವ ರೇಡಿಯೋ ಟೆಲಿಸ್ಕೋಪಿನ ಪಕ್ಕ ನಿಂತು ಹಲೋ ಹಲೋ ಅನ್ನಬಾರದು ಎಂದು ನಾನು ಚಿಕ್ಕವಳಿದ್ದಾಗ ನೀವೇ ಹೇಳಿದ್ದಿರಿ. ಆಫೀಸಿನ ತಂತಿ ಫೋನಿಗೆ ಮಾಡಿದರೆ ಸುತ್ತ ಎಲ್ಲರ ಕಿವಿ. ಹಾಗಾಗಿ ವಾರಕ್ಕೊಮ್ಮೆ ಬರುವ ಟಪಾಲು ಜೀಪನ್ನು ನಂಬಿ ಬರೆಯುತ್ತಿದ್ದೇನೆ.

ನಾನು ಕ್ಷೇಮ. ಊಟ ಚೆನ್ನಾಗಿದೆ. ಓದು ಚೆನ್ನಾಗಿ ನಡೆಯುತ್ತಿದೆ. ಅಪ್ಪ ಅಮ್ಮ ಹೊಸ ಸೇತುವೆಯ ಕ್ಯಾಂಪಿಗೆ ಹೋದರು, ಸಿಗ್ನಲ್ ಸಿಕ್ಕ ಭಾನುವಾರ ಫೋನ್ ಮಾಡುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಲ್ಯಾಬಿನ ಮೇಡಂ ಅಂಗೈ ಅಗಲದ ಒಂದು ಬೋರ್ಡ್ ಮಾಡಿಸಿದ್ದಾರೆ. ಆಂಟೆನಾ ಹಿಡಿದದ್ದನ್ನೆಲ್ಲ ಅದು ಪ್ಯಾಕೆಟ್ ಕಟ್ಟಿ ಈಥರ್ನೆಟ್ ಕೇಬಲ್ಲಿಗೆ ಹಾಕಬೇಕು. ಕೇಬಲ್ಲಿಗೆ ಸೆಕೆಂಡಿಗೆ ಸಾವಿರ ಮೆಗಾಬಿಟ್ ಹೊರುವ ಶಕ್ತಿಯಿದೆ, ಬೋರ್ಡ್ ಕನಿಷ್ಠ ಒಂಬೈನೂರು ಕಳಿಸಬೇಕು. ಕಳಿಸುವ ಪ್ರೋಗ್ರಾಂ ಬರೆಯುವ ಕೆಲಸ ನನಗೆ ಬಂತು. ಯಾಕೆಂದರೆ "ಯಾರು ಮಾಡ್ತೀರಿ?" ಎಂದು ಮೇಡಂ ಕೇಳಿದಾಗ ಎಲ್ಲರೂ ತಲೆ ತಗ್ಗಿಸಿದರು, ನಾನೊಬ್ಬಳು ಗಾಬರಿಯಲ್ಲಿ ತಲೆ ಎತ್ತಿಬಿಟ್ಟೆ.

ಬೋರ್ಡ್ ಹೋಗುವುದು ಎಲ್ಲಿಗೆ ಗೊತ್ತೇ? ನಿಮ್ಮ ಕಣಿವೆಗೆ. ಮಾರ್ಚ್ ಹದಿನೈದಕ್ಕೆ ಟೆಸ್ಟ್. ಒಂಬೈನೂರು ಬಂದರೆ ಬೇಸಿಗೆ ರಜೆ ಪೂರ್ತಿ ಬೋರ್ಡಿನ ಜೊತೆ ನಾನೂ ಅಲ್ಲಿಗೆ. ಬಾರದಿದ್ದರೆ ಬೋರ್ಡೂ ಇಲ್ಲೇ, ನಾನೂ ಇಲ್ಲೇ.

ಈಗ ಬರುತ್ತಿರುವುದು ನೂರ ಎಂಬತ್ತು.

ಒಂದು ವೇಳೆ ಬಂದರೆ ನಿಮ್ಮ ಜೊತೆ ಇರಬಹುದೇ? ಆರನೇ ವಯಸ್ಸಿಗೆ ಹಾಸ್ಟೆಲ್ ಸೇರಿದ ಮೇಲೆ ಯಾವ ರಜೆಯನ್ನೂ ನಾನು ಯಾರ ಮನೆಯಲ್ಲೂ ಪೂರ್ತಿ ಕಳೆದಿಲ್ಲ. ಆಗುವುದಿಲ್ಲ ಅಂದರೂ ಬೇಜಾರಿಲ್ಲ.

ಇಂತಿ ನಿಮ್ಮ,
ಮೆಣಸು


ನವೆಂಬರ್ 28

ಮೆಣಸು,

ಯಾರೇ ಅದು "ಪೂಜ್ಯ ಚಿಕ್ಕಮ್ಮನವರು"? ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಬೇರೆ ಯಾವುದೋ ಮುದುಕಿಯ ಕಾಗದ ನನ್ನ ಕೈಗೆ ಬಂದಿದೆಯೇನೋ ಎಂದು. ನನ್ನ ಸೊಂಟದ ಮೇಲೆ ಕೂತು ನನ್ನ ಕಿವಿಯೋಲೆ ಕಿತ್ತವಳು ಈಗ ನನಗೆ ನೀವು ತಾವು ಅನ್ನುತ್ತಾಳೆ. ಇನ್ನೊಂದು ಸಲ ನೀವು ಅಂದರೆ ಕಾಗದವನ್ನು ಜೀಪಿನಲ್ಲೇ ವಾಪಸು ಕಳಿಸುತ್ತೇನೆ.

"ನಾನು ಕ್ಷೇಮ, ಊಟ ಚೆನ್ನಾಗಿದೆ" ಎಂಬುದನ್ನೂ ಬಿಡು. ಅದನ್ನು ನೀನು ಹಾಸ್ಟೆಲಿನ ವಾರ್ಡನ್ ಓದುತ್ತಾರೆಂದು ಬರೆಯುತ್ತಿದ್ದೆ. ಇಲ್ಲಿ ಓದುವವಳು ನಾನೊಬ್ಬಳೇ.

ಆಗುವುದಿಲ್ಲ ಅಂದರೂ ಬೇಜಾರಿಲ್ಲವಂತೆ! ನಿನ್ನ ಊದಿದ ಮೂತಿ ನನಗೆ ಇಲ್ಲಿಂದಲೇ ಕಾಣಿಸುತ್ತಿದೆ. ಬಾ. ನನ್ನದು ಒಂಟಿಯವರ ಕ್ವಾರ್ಟರ್ಸ್, ಒಂದೇ ಕೋಣೆ, ಕಾಲು ಚಾಚಿದರೆ ಗೋಡೆ. ಹೇಗೋ ಆಗುತ್ತದೆ.

ಕಳಿಸುವ ವಿದ್ಯೆ ನನಗೆ ಗೊತ್ತಿಲ್ಲ, ಅದನ್ನು ಕೇಳಬೇಡ. ನಾನು ಆ ಕಡೆಯವಳು. ಬಂದದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಯಂತ್ರಗಳ ಮುಂದೆ ಕೂತಿರುತ್ತೇನೆ. ಪ್ಯಾಕೆಟ್ ತಪ್ಪಿದರೆ ಪರದೆಯಲ್ಲಿ ಕಪ್ಪು ಗೆರೆ ಬೀಳುತ್ತದೆ. ಆ ಗೆರೆಯಲ್ಲಿ ಏನಿತ್ತೋ, ಅದು ಹೋದಂತೆಯೇ. ಆಕಾಶಕ್ಕೆ "ಇನ್ನೊಂದ್ಸಲ ಹೇಳಪ್ಪಾ" ಅನ್ನೋಕಾಗುತ್ತದೆಯೇ? ಕಪ್ಪು ಗೆರೆ ಬಂದ ದಿನ ನನಗೆ ಊಟ ಸೇರುವುದಿಲ್ಲ. ನೀನು ಮಾಡಿದ ಬೋರ್ಡಿನಿಂದ ಬರುವುದನ್ನು ನಾನು ನೋಡುತ್ತೇನೆ ಎಂದುಕೊಂಡರೆ ಮೈ ಜುಂ ಅನ್ನುತ್ತದೆ.

ಇಲ್ಲಿ ಚಳಿ. ಕಪಾಟಿನ ಬಾಗಿಲು ಕಳಚಿತ್ತು, ಪಕ್ಕದ ಕ್ವಾರ್ಟರ್ಸಿನ ಹವಾಮಾನದವರು ಬಂದು ಕೂರಿಸಿಕೊಟ್ಟರು. ಒಳ್ಳೆಯ ಮನುಷ್ಯ. ಅವರು ಮಳೆ ಬರುತ್ತದೆ ಅಂದ ದಿನ ಧೈರ್ಯವಾಗಿ ಬಟ್ಟೆ ಒಣಗಿಸಬಹುದು.

ನಿನ್ನ,
ಚಿಕ್ಕಮ್ಮ


ಡಿಸೆಂಬರ್ 12

ಚಿಕ್ಕಮ್ಮಾ,

ನೀನು. ನೀನು. ನೀನು. ಸಾಕಾ?

ಆರುನೂರ ಹತ್ತು ಬಂತು! ಮೊದಲು ಅದನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಬರೆಯಲು ಕೈ ಓಡುವುದಿಲ್ಲ.

ನಾನು ಮಾಡಿದ ತಪ್ಪುಗಳನ್ನು ಕೇಳಿದರೆ ನಗುತ್ತೀಯ. ನಾನು ಪ್ಯಾಕೆಟ್ಟುಗಳನ್ನು ಚಿಕ್ಕ ಚಿಕ್ಕದಾಗಿ ಕಟ್ಟುತ್ತಿದ್ದೆ. ಚಿಕ್ಕದಾದರೆ ಹಗುರ, ಬೇಗ ಹೋಗುತ್ತದೆ, ತಪ್ಪಿದರೂ ಸ್ವಲ್ಪವೇ ತಪ್ಪುತ್ತದೆ ಎಂದು ಲೆಕ್ಕ. ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುವ ಒಬ್ಬರಿದ್ದಾರೆ, ಎಲ್ಲರೂ ಗಡ್ಡದಣ್ಣ ಅನ್ನುತ್ತಾರೆ. ನನ್ನ ಕೇಬಲ್ಲಿನ ಆ ತುದಿಯಲ್ಲಿ ಪ್ಯಾಕೆಟ್ ಹಿಡಿಯುವ ಮೆಷಿನ್ ಅವರದು. ಅವರು ಬಂದು ನನ್ನ ಕೋಡ್ ನೋಡಿ ತಲೆ ಚಚ್ಚಿಕೊಂಡರು.

"ಏನಮ್ಮಾ ಇದು, ಒಂದು ಚಮಚ ಸಕ್ಕರೆ ತರೋಕೆ ಒಂದೊಂದು ಲಾರಿ ಕಳಿಸ್ತಿದೀಯಲ್ಲ!"

ಪ್ಯಾಕೆಟ್ ಎಷ್ಟೇ ಚಿಕ್ಕದಿರಲಿ, ಮುಂದೊಂದು ತಲೆ, ಹಿಂದೊಂದು ಬಾಲ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಇಷ್ಟು ಖಾಲಿ ಜಾಗ ಇರಲೇಬೇಕು. ರಸ್ತೆಯೆಲ್ಲ ತಲೆ ಬಾಲಗಳೇ ತುಂಬಿದ್ದವು. ಲಾರಿ ತುಂಬ ಸಕ್ಕರೆ ಹೇರಿದೆ, ಮುನ್ನೂರು ಬಂತು.

ಎರಡನೆಯದನ್ನು ಹೇಳಲು ನಾಚಿಕೆ. ಒಂದು ಪ್ಯಾಕೆಟ್ಟನ್ನು ನೆಟ್‌ವರ್ಕ್ ಕಾರ್ಡಿನ ಕೈಗೆ ಕೊಟ್ಟು, "ಹೋಯ್ತಾ? ಹೋಯ್ತಾ?" ಎಂದು ಕೇಳುತ್ತಾ ನಿಂತು, ಅದು ಹೋಯಿತು ಎಂದ ಮೇಲೆ ಇನ್ನೊಂದನ್ನು ಕೊಡುತ್ತಿದ್ದೆ. ಗಡ್ಡದಣ್ಣ ನನ್ನ ಮುಖವನ್ನೇ ನೋಡಿ ಕೇಳಿದರು:

"ನೀನು ರೂಮಿಗೆ ಬೀಗ ಹಾಕಿ ಮೂರ್ಮೂರು ಸಲ ಎಳೆದು ನೋಡೋಳು ಅಲ್ವಾ?"

"ಇಲ್ಲ" ಅಂದೆ. ನಾನು ನೋಡುವುದು ನಾಲ್ಕು ಸಲ.

ಈಗ ಮೆಮೊರಿಯಲ್ಲಿ ಗುಂಡಗೆ ಖಾನೆಗಳ ಸಾಲು ಮಾಡಿದ್ದೇನೆ. ನಾನು ಮುಂದೆ ಮುಂದೆ ತುಂಬಿಸುತ್ತಾ ಓಡುತ್ತೇನೆ, ಕಾರ್ಡ್ ಹಿಂದೆ ಹಿಂದೆ ಎತ್ತಿಕೊಂಡು ಬರುತ್ತದೆ. ಹೋಯಿತೋ ಇಲ್ಲವೋ ಎಂದು ಒಂದು ಗುಂಪಿಗೆ ಒಮ್ಮೆ ಕೇಳಿದರೆ ಸಾಕು. ನಂಬಿ ಬಿಡುವುದು ನನ್ನ ಜಾಯಮಾನವಲ್ಲ, ಆದರೆ ಆರುನೂರ ಹತ್ತು ಬಂತು.

ಪರೀಕ್ಷೆ ಏಪ್ರಿಲ್ ಎರಡಕ್ಕೆ ಮುಗಿಯುತ್ತದೆ, ಮೂರಕ್ಕೆ ಬಂದುಬಿಡಲೇ? ಹಾಸಿಗೆ ನಾನೇ ತರುತ್ತೇನೆ, ನಿನ್ನ ಮಂಚದ ಕೆಳಗೆ ತುರುಕಬಹುದು. ಬೆಳಿಗ್ಗೆ ನಿನಗಿಂತ ಮೊದಲು ಎದ್ದು ಸ್ನಾನ ಮುಗಿಸುತ್ತೇನೆ, ಹಾಸ್ಟೆಲಿನ ಅಭ್ಯಾಸ. ನಿನಗೆ ನಾನು ಇರುವುದೇ ಗೊತ್ತಾಗುವುದಿಲ್ಲ. ಸಂಜೆ ಇಬ್ಬರೂ ಟೆಲಿಸ್ಕೋಪಿನವರೆಗೆ ನಡೆಯೋಣ. ನಾವಿಬ್ಬರೇ. ಅಲ್ಲಿ ಸಂಜೆ ಏನು ಮಾಡುತ್ತೀರಿ ನೀವೆಲ್ಲ? ಎಲ್ಲವನ್ನೂ ಬರೆ.

ಮೆಣಸು


ಜನವರಿ 9

ಮೆಣಸು,

ತಡವಾಯಿತು. ಎರಡು ಸಲ ಬರೆದು ಹರಿದೆ.

ನಿನ್ನ ಆರುನೂರ ಹತ್ತಕ್ಕೆ ಶಾಬಾಸ್. ಬೀಗದ ಮಾತಿಗೆ ನಾನೂ ಹವಾಮಾನದವರೂ ಬಿದ್ದು ಬಿದ್ದು ನಕ್ಕೆವು.

ಬರುವ ವಿಷಯದಲ್ಲಿ ಸ್ವಲ್ಪ ತಡಿ. ದಿನವನ್ನು ಈಗಲೇ ಗೊತ್ತು ಮಾಡಬೇಡ. ಮನೆಯಲ್ಲಿ ಒಂದಷ್ಟು ಬದಲಾವಣೆ ಆಗಬೇಕಿದೆ. ಈಗಿರುವ ಜಾಗದಲ್ಲಿ ಇನ್ನೊಬ್ಬರು ಎಂದರೆ ಆಗದ ಮಾತು, ಕೆಲವನ್ನು ಯೋಚಿಸಿಯೇ ಮಾಡಬೇಕು. ಎಲ್ಲ ಒಂದು ಹದಕ್ಕೆ ಬಂದ ಮೇಲೆ ನಾನೇ ಬರೆಯುತ್ತೇನೆ.

ಚೆನ್ನಾಗಿ ಓದು. ಬೆಚ್ಚಗಿರು.

ಚಿಕ್ಕಮ್ಮ


ಜನವರಿ 18

ಪೂಜ್ಯ ಚಿಕ್ಕಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ನಾನು ಕ್ಷೇಮ. ಊಟ ಚೆನ್ನಾಗಿದೆ. ಓದು ಚೆನ್ನಾಗಿ ನಡೆಯುತ್ತಿದೆ.

ದಯವಿಟ್ಟು ನನಗಾಗಿ ತೊಂದರೆ ತೆಗೆದುಕೊಳ್ಳಬೇಡಿ. ನಿಮ್ಮಲ್ಲಿ ಟ್ರೇನಿಗಳಿಗೆ ಹಾಸ್ಟೆಲ್ ಇದೆಯಂತೆ. ಒಂದು ವೇಳೆ ಬಂದರೆ ಅಲ್ಲೇ ಇರುತ್ತೇನೆ. ಹಾಸ್ಟೆಲ್ ನನಗೇನೂ ಹೊಸದಲ್ಲ.

ಹೇಗೂ ಬರುವುದೇ ಅನುಮಾನ. ಸ್ಪೀಡ್ ಆರುನೂರ ಹತ್ತರಲ್ಲೇ ನಿಂತಿದೆ. ಪ್ರೋಗ್ರಾಂ ಬಿಚ್ಚಿ ಕಟ್ಟಿದ್ದಾಯಿತು, ಕೇಬಲ್ ಬದಲಾಯಿಸಿದ್ದಾಯಿತು, ಎಲ್ಲೂ ಒಂದು ಎರರ್ ಕೂಡ ಕಾಣುವುದಿಲ್ಲ. ನನ್ನ ಯೋಗ್ಯತೆಯೇ ಅಷ್ಟಿರಬೇಕು.

ಇಂತಿ ನಮಸ್ಕಾರಗಳೊಂದಿಗೆ


ಜನವರಿ 30

ಮೆಣಸು,

ಮತ್ತೆ "ನೀವು" ಬಂದಿದೆ. ಮತ್ತೆ ಊಟ ಚೆನ್ನಾಗಿದೆ. ಕೆಳಗೆ ಹೆಸರೂ ಇಲ್ಲ. ಏನೋ ಆಗಿದೆ.

ಟ್ರೇನಿ ಹಾಸ್ಟೆಲಂತೆ! ನಾನಿಲ್ಲಿರುವಾಗ ನೀನು ಆ ಹಾಸ್ಟೆಲಿನಲ್ಲಿ ಇದ್ದರೆ ಜನ ನನ್ನ ಮುಖಕ್ಕೆ ಏನು ಅನ್ನುತ್ತಾರೆ? ನಾನು ಬಾರದಿರು ಎಂದು ಬರೆದೆನೇ? ತಡಿ ಎಂದೆ. ತಡಿ ಅಂದರೆ ತಡಿ, ಅಷ್ಟೇ.

ಹೇಳಬೇಕಾದ ಒಂದು ಮಾತಿದೆ. ಬರೆಯಲು ಕೂತರೆ ಪೆನ್ನು ಹವೆಯ ವಿಷಯಕ್ಕೇ ಓಡುತ್ತದೆ. ಇವತ್ತು ಮೋಡವಿದೆ. ನೋಡು, ಹೇಳಲಿಲ್ಲವೇ?

ಸ್ಪೀಡ್ ನಿಂತಿದೆ ಎಂದು ನಿನ್ನ ಯೋಗ್ಯತೆ ಅಳೆಯಬೇಡ. ಒಂದೇ ಸಾಲಾದರೂ ಉತ್ತರ ಬರೆ. ಬೈಯುವುದಿದ್ದರೆ ಬೈದೇ ಬರೆ.

ಚಿಕ್ಕಮ್ಮ


ಫೆಬ್ರವರಿ 20

ಚಿಕ್ಕಮ್ಮಾ,

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದಿದ್ದದ್ದು ಬೇಕೆಂದೇ. ಈಗಲೂ ನನಗೆ ಸಿಟ್ಟಿದೆ. ಆದರೆ ಒಂದು ಸಂಗತಿ ನಡೆದಿದೆ, ಅದನ್ನು ಹೇಳಲು ನನಗೆ ನೀನಲ್ಲದೆ ಯಾರೂ ಇಲ್ಲ ಎಂದು ಗೊತ್ತಾಗಿ ಇನ್ನೂ ಸಿಟ್ಟು ಬಂತು.

ಕಾರ್ಡಿನಲ್ಲಿ ಎಣಿಕೆಯ ಖಾನೆಗಳು ಸಾಲುಮನೆಗಳ ಹಾಗೆ ಇರುತ್ತವೆ. ಕಳಿಸಿದ ಪ್ಯಾಕೆಟ್ಟುಗಳ ಎಣಿಕೆ ಒಂದು ಮನೆ, ಬಂದವುಗಳ ಎಣಿಕೆ ಪಕ್ಕದ ಮನೆ. ನಾನು ಯಾವಾಗಲೂ ನೋಡುವುದು ಮೊದಲನೆಯದನ್ನು. ನನ್ನ ಬೋರ್ಡಿನ ಕೆಲಸ ಕಳಿಸುವುದು, ಅದಕ್ಕೆ ಯಾರೂ ಏನೂ ಕಳಿಸುವ ಹಾಗಿಲ್ಲ. ಮೊನ್ನೆ ಅಳು ಬರುವ ಹಾಗಿತ್ತು, ಮನೆಯ ನಂಬರ್ ತಪ್ಪು ಹೊಡೆದೆ. ಪರದೆಯ ಮೇಲೆ ಒಂದು ದೊಡ್ಡ ಸಂಖ್ಯೆ ಬಂತು. ಇನ್ನೊಮ್ಮೆ ಹೊಡೆದೆ. ಆಗಲೇ ಇನ್ನೂ ದೊಡ್ಡದಾಗಿತ್ತು.

ನನಗೆ ಯಾರು ಕಳಿಸುತ್ತಿದ್ದಾರೆ?

ಹಿಡಿದು ಬಿಚ್ಚಿ ನೋಡಿದೆ. ಎಲ್ಲ ಒಂದೇ ಥರದವು, ಒಳಗೆ ಏನೂ ಇಲ್ಲ, ಬರೀ "ತಡಿ" ಎಂಬ ಒಂದು ಮಾತು. ಕೇಬಲ್ಲಿನ ಆ ತುದಿಯ ಮೆಷಿನ್ನಿನ ಬುಟ್ಟಿ ತುಂಬಿದಾಗಲೆಲ್ಲ ಅದು ಹೀಗೊಂದನ್ನು ಕಳಿಸುತ್ತದೆ. ನನ್ನ ಕಾರ್ಡ್ ಎಷ್ಟು ವಿಧೇಯವೆಂದರೆ, ನನ್ನ ಪ್ರೋಗ್ರಾಮಿಗೆ ಒಂದು ಮಾತೂ ಹೇಳದೆ ನಿಂತುಬಿಡುತ್ತಿತ್ತು. ಖಾನೆಗಳು ಯಾಕೆ ಖಾಲಿಯಾಗುತ್ತಿಲ್ಲ ಎಂದು ನಾನು ಇಷ್ಟು ದಿನ ನನ್ನನ್ನೇ ಬೈದುಕೊಂಡು ಕೂತಿದ್ದೆ. ನಾನು ನಿಧಾನ ಇರಲಿಲ್ಲ, ಚಿಕ್ಕಮ್ಮ!

ಗಡ್ಡದಣ್ಣನ ಹತ್ತಿರ ಹೋದೆ.

"ಅಣ್ಣಾ, ನಿಮ್ಮ ಮೆಷಿನ್ ನನಗೆ ತಡಿ ತಡಿ ಅಂತಿದೆ."

"ನನ್ನ ಮೆಷಿನ್ನಾ? ಅದು ಬಡಪಾಯಿ ಕಣಮ್ಮ, ಯಾರಿಗೂ ಏನೂ ಅನ್ನಲ್ಲ."

ತೋರಿಸಿದೆ. ಬಗ್ಗಿ ನೋಡಿದರು. ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಟೆಸ್ಟಲ್ಲಿ ಮೇಡಂ ನೋಡೋದು ನಿನ್ನ ಬೋರ್ಡಿನ ನಂಬರ್ ತಾನೇ? ತಡಿ ಅಂದ್ರೆ ಕಿವಿಗೆ ಹಾಕ್ಕೋಬೇಡ ಅಂತ ಕಾರ್ಡಿಗೆ ಹೇಳ್ಬಿಡು. ಒಂದು ಬಿಟ್ ತಿರುಗಿಸಿದ್ರೆ ಮುಗೀತು."

ತಿರುಗಿಸಿದೆ. ಒಂಬೈನೂರ ಐವತ್ತೆರಡು.

ಆ ಒಂಬತ್ತನ್ನು ನೋಡಿ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಆಮೇಲೆ ಕೇಳಿದೆ, "ನಿಮ್ಮ ಕಡೆ ಎಷ್ಟು ಬಂತು ಅಣ್ಣಾ?"

"ಮೂರಕ್ಕೊಂದು ನೆಲಕ್ಕೆ. ಬಿಡು, ಅದು ನನ್ನ ತಲೆನೋವು. ನೀನು ನಿನ್ನ ಚಿಕ್ಕಮ್ಮನ ಮನೆಗೆ ಹೋಗಿ ಬಾ."

ಒಳ್ಳೆಯದಕ್ಕೇ ಹೇಳಿದರು. ಮೂರು ವರ್ಷ ಕಷ್ಟಪಟ್ಟು ಕಟ್ಟಿದ ಮೆಷಿನ್ ಅವರದು, ಮೇಡಂ ಎದುರು ಅದರ ಹುಳುಕು ಆಚೆ ಬರುವುದು ಅವರಿಗೂ ಬೇಡ. ಹಾಗೇ ಬಿಟ್ಟರೆ ಮಾರ್ಚ್ ಹದಿನೈದಕ್ಕೆ ನಾನು ಪಾಸು. ಹೇಳಿದರೆ ಅವರ ಕೆಲಸ ಮುಗಿಯುವವರೆಗೆ ನನ್ನ ಟೆಸ್ಟ್ ನೇತಾಡುತ್ತದೆ, ರಜೆಯೂ ಹೋಗುತ್ತದೆ. ಫಸ್ಟ್ ಇಯರ್ ಹುಡುಗಿ ಸೀನಿಯರಿನ ಮೇಲೆ ದೂರು ಹೇಳಿದಳು ಎಂಬ ಬಿರುದು ಬೇರೆ. ಏನು ಮಾಡಲಿ ಎಂದು ನಿನ್ನನ್ನು ಕೇಳುತ್ತಿಲ್ಲ. ನಿನ್ನ ಉತ್ತರ ಬರುವಷ್ಟು ಹೊತ್ತು ನನಗಿಲ್ಲ.

ಇನ್ನೊಂದು ಮಾತು. ಅದು ಕಳಿಸುವ ಆ ಖಾಲಿ ಪ್ಯಾಕೆಟ್ಟಿನಲ್ಲೂ ಎಷ್ಟು ಹೊತ್ತು ತಡೆಯಬೇಕೆಂದು ಒಂದು ಅಂಕಿ ಇರುತ್ತದೆ. ನಿನ್ನ ಕಾಗದದಲ್ಲಿ ಇರಲಿಲ್ಲ. ಅದಕ್ಕೇ ನನಗೆ ಸಿಟ್ಟು.

ಮೆಣಸು


ಫೆಬ್ರವರಿ 21

ಮೆಣಸು,

ನಿನ್ನಿಂದ ಒಂದು ಸಾಲೂ ಇಲ್ಲ. ಜೀಪಿನವನು ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿಬಿಡುತ್ತಾನೆ, ಇಲ್ಲ ಎಂದು. ಹವಾಮಾನದವರು ನಿನ್ನೆ ನೇರವಾಗಿಯೇ ಅಂದರು: "ನೀವು ಹೇಳ್ತೀರೋ, ನಾನೇ ಬರೆದು ಹಾಕ್ಲೋ?" ಬೇರೆಯವರ ಕೈಯಲ್ಲಿ ನಿನಗೆ ಗೊತ್ತಾಗುವುದು ಬೇಡ.

ನಾವಿಬ್ಬರೂ ಮದುವೆಯಾಗುತ್ತಿದ್ದೇವೆ. ಅವರು ಮತ್ತು ನಾನು.

ನಗು. ನಲವತ್ತೇಳಕ್ಕೆ ಬಂದು ನಿಂತವಳಿಗೆ ಈಗ ಮದುವೆಯ ಹುಚ್ಚು ಎಂದು ನಾನೇ ನಗುತ್ತೇನೆ. ಆರು ವರ್ಷದಿಂದ ಗೋಡೆಗೆ ಗೋಡೆ ಅಂಟಿಕೊಂಡು ಇದ್ದೇವೆ. ದಿನಾ ಸಂಜೆ ಅವರು ಬಾಗಿಲಲ್ಲಿ ನಿಂತು ನಾಳೆಯ ಹವೆ ಹೇಳುವುದು, ನಾನು ನಿನ್ನೆಯದು ತಪ್ಪಾಯಿತು ಎಂದು ಲೇವಡಿ ಮಾಡುವುದು. ಒಂದು ದಿನ ಅವರು ಬರಲಿಲ್ಲ, ಜ್ವರ. ಅವತ್ತು ನನಗೆ ಗೊತ್ತಾಯಿತು. ಅಷ್ಟೇ ಕಥೆ.

ನಿನಗೆ ಹೇಳಲು ಯಾಕೆ ಹೆದರಿದೆ? "ನಾವಿಬ್ಬರೇ" ಎಂದು ಬರೆದಿದ್ದೆಯಲ್ಲ. ಅದನ್ನು ಓದಿ ನನ್ನ ಕೈ ಕಟ್ಟಿಹೋಯಿತು. ಇರುವ ಒಬ್ಬ ಚಿಕ್ಕಮ್ಮನೂ ಬೇರೆಯವರ ಪಾಲಾದಳು ಎಂದು ಈ ಹುಡುಗಿ ಅಂದುಕೊಂಡರೆ? ಬರಿ ಮಾತಿನಲ್ಲಿ ಹಾಗಲ್ಲ ಎಂದರೆ ಸಾಲದು ಅನ್ನಿಸಿತು. ಕಣ್ಣಿಗೆ ಕಾಣುವ ಹಾಗೆ ಜಾಗ ಮಾಡಿ ಆಮೇಲೆ ಹೇಳೋಣ ಎಂದುಕೊಂಡೆ. ಎರಡೂ ಕ್ವಾರ್ಟರ್ಸಿನ ನಡುವಿನ ಗೋಡೆಯಲ್ಲಿ ಬಾಗಿಲು ತೆಗೆಸುತ್ತಿದ್ದೇವೆ. ನಾವಿಬ್ಬರೂ ಆ ಕಡೆ. ನಾನು ಈಗ ಕೂತು ಬರೆಯುತ್ತಿರುವ ಈ ಕೋಣೆ ನಿನ್ನದು. ಈ ರಜೆಗೆ ಮಾತ್ರವಲ್ಲ, ಇನ್ನು ಮೇಲೆ ಯಾವಾಗಲೂ.

ಆದರೆ ಗೋಡೆ ಒಡೆಯುವುದು ಇಲ್ಲಿ ಬೇರೆ ಊರಿನ ಹಾಗಲ್ಲ. ಡ್ರಿಲ್ ಹಚ್ಚುವ ಹಾಗಿಲ್ಲ. ಅದರ ಮೋಟಾರಿನ ಕಿಡಿ ನಮಗೆ ಕಾಣದಿದ್ದರೂ ಟೆಲಿಸ್ಕೋಪಿಗೆ ಸಿಡಿಲು ಹೊಡೆದ ಹಾಗೆ ಕೇಳಿಸುತ್ತದೆ. ಉಳಿ, ಸುತ್ತಿಗೆ, ಒಬ್ಬ ಮೇಸ್ತ್ರಿ. ಆ ಕಲ್ಲುಗೋಡೆಯನ್ನು ಅವನು ಹಲ್ಲು ಕೀಳುವವನ ಹಾಗೆ ಒಂದೊಂದೇ ಕಲ್ಲು ಕಿತ್ತು ಕೆಡವುತ್ತಿದ್ದಾನೆ. ಯಾವಾಗ ಮುಗಿಯುತ್ತದೆ ಎಂದರೆ ಆಕಾಶ ನೋಡುತ್ತಾನೆ. ಅದಕ್ಕೇ ದಿನ ಹೇಳಲಾಗಲಿಲ್ಲ, ಮಗಳೇ. ಬೇಡವೆಂದಲ್ಲ.

ಮದುವೆಗೆ ದಿನ ಗೊತ್ತು ಮಾಡಿಲ್ಲ. ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕುವುದು, ಅಷ್ಟೇ. ಸಾಕ್ಷಿಗೆ ನೀನು ಬೇಕು. ನೀನು ಬರುವ ದಿನ ಹೇಳುವವರೆಗೆ ನಾವು ಕಾಯುತ್ತೇವೆ. ಟೆಸ್ಟ್ ಪಾಸಾದರೂ ಬಾ, ಫೇಲಾದರೂ ಬಾ.

ಚಿಕ್ಕಮ್ಮ


ಮಾರ್ಚ್ 17

ಚಿಕ್ಕಮ್ಮಾ,

ನಿನಗೆ ನನ್ನ ಕಾಗದವೂ ನನಗೆ ನಿನ್ನ ಕಾಗದವೂ ದಾರಿಯಲ್ಲಿ ಎದುರುಬದುರು ಹಾದುಹೋಗಿರಬೇಕು. ಉತ್ತರ ಇಷ್ಟು ತಡವಾಗಿದ್ದಕ್ಕೆ ಕಾರಣ ಕೆಳಗಿದೆ. ಸಿಟ್ಟಿನಿಂದಲ್ಲ.

ಮೊದಲು ನಿಜ ಹೇಳಿಬಿಡುತ್ತೇನೆ. ನಿನ್ನ ಕಾಗದ ಓದಿದ ತಕ್ಷಣ ನನಗೆ ಖುಷಿಯಾಗಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅತ್ತೆ. ನೀನು ಹೆದರಿದ್ದು ಸರಿಯಾಗಿಯೇ ಇತ್ತು, ಇನ್ನು ನನಗೆ ಅಂತ ಯಾರು ಎಂದು ಅನ್ನಿಸಿದ್ದು ಹೌದು. ಎರಡನೇ ಸಲ ಓದಿದಾಗ ಮೇಸ್ತ್ರಿ ಆಕಾಶ ನೋಡುವುದು ಕಣ್ಣಿಗೆ ಕಟ್ಟಿ ನಗು ಬಂತು. ಮೂರನೇ ಸಲ "ಈ ಕೋಣೆ ನಿನ್ನದು" ಎಂಬ ಸಾಲಿನ ಹತ್ತಿರ ನಿಂತೆ. ಚಿಕ್ಕಮ್ಮ, ನನ್ನ ಬಟ್ಟೆಗಳ ಮೇಲೆಲ್ಲ ನಂಬರ್ ಹೊಲಿದಿರುತ್ತದೆ, ಬಕೆಟ್ಟಿನ ಮೇಲೂ ನಂಬರ್. ನನ್ನದು ಎಂಬ ಕೋಣೆಯಲ್ಲಿ ಏನೇನು ಇಟ್ಟುಕೊಳ್ಳುತ್ತಾರೆ? ನನಗೆ ನಿಜವಾಗಿಯೂ ಗೊತ್ತಿಲ್ಲ.

ಈಗ ಬೋರ್ಡಿನ ಕಥೆ. ನಿನ್ನ ಕಾಗದ ಬರುವ ಮೊದಲೇ ನಾನು ಮೇಡಂ ಹತ್ತಿರ ಹೋಗಿದ್ದೆ. ಧೈರ್ಯ ಅಂದುಕೊಳ್ಳಬೇಡ. ಒಂಬೈನೂರ ಐವತ್ತೆರಡನ್ನು ನೋಡುತ್ತಾ ಕೂತಿದ್ದಾಗ, ಮೂರಕ್ಕೊಂದು ನೆಲಕ್ಕೆ ಬಿದ್ದದ್ದು ಆ ಕಡೆ ಕೂತವರಿಗೆ ಹೇಗೆ ಕಾಣುತ್ತದೆ ಎಂದು ಯೋಚನೆ ಬಂತು. ಕಣಿವೆಯಲ್ಲಿ ಆ ಕಡೆ ಕೂತು ನೋಡುವವಳು ನೀನು. ಪರದೆಯ ತುಂಬ ಕಪ್ಪು ಗೆರೆ. ಅಷ್ಟನ್ನು ಬೀಳಿಸಿ, ಅದೇ ಸಂಜೆ ನಿನ್ನ ಮನೆಯಲ್ಲಿ ಊಟಕ್ಕೆ ಕೂರುವುದು ಹೇಗೆ? ಆ ಬಿಟ್ಟನ್ನು ವಾಪಸು ತಿರುಗಿಸಿದೆ. ಆರುನೂರ ಹತ್ತಕ್ಕೆ ಇಳಿಯಿತು.

ಮೊದಲು ಗಡ್ಡದಣ್ಣನಿಗೆ ಹೇಳಿದೆ, "ಮೇಡಂಗೆ ಹೇಳ್ತೀನಿ ಅಣ್ಣಾ, ನೀವೂ ಬನ್ನಿ." ಅವರು ಗಡ್ಡ ಕೆರೆದುಕೊಂಡು, "ನನ್ನನ್ನ ನೇಣಿಗೆ ಕರ್ಕೊಂಡು ಹೋಗೋಳು ಜೊತೆಗೂ ಕರೀತಿದಾಳಲ್ಲಪ್ಪ" ಎಂದು ಗೊಣಗುತ್ತಾ ಬಂದರು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಗಡ್ಡದಣ್ಣನ ಕಡೆ ತಿರುಗಿದರು.

"ಮೂರು ವರ್ಷದಿಂದ ಇದು ಯಾಕೆ ಕಾಣ್ಲಿಲ್ಲ?"

"ಮೂರು ವರ್ಷದಿಂದ ಯಾರೂ ಇಷ್ಟು ಜೋರಾಗಿ ಕಳಿಸಿರ್ಲಿಲ್ಲ ಮೇಡಂ. ಇವಳೇ ಮೊದಲು."

ಹೊಗಳಿಕೆಯೋ ದೂರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೇಡಂ ಹೇಳಿದ್ದು ಇಷ್ಟೇ: "ಹಾಗಾದ್ರೆ ಟೆಸ್ಟ್ ನಂಬರನ್ನ ಆ ತುದೀಲೇ ನೋಡ್ತೀನಿ. ದಿನ ಮಾತ್ರ ಬದಲಾಗಲ್ಲ. ಇಬ್ರೂ ಸೇರಿ ಏನ್ಮಾಡ್ತೀರೋ ಮಾಡಿ." ಕೈಯಲ್ಲಿದ್ದ ಪಾಸನ್ನು ನಾನೇ ಎಸೆದು ಬಂದಿದ್ದೆ.

ಅಲ್ಲಿಂದ ಟೆಸ್ಟಿನವರೆಗೆ ಗಡ್ಡದಣ್ಣನ ಮೇಜಿನ ಪಕ್ಕವೇ ನನ್ನ ಕುರ್ಚಿ. ಅವರ ಪ್ರೋಗ್ರಾಂ ಒಂದು ಪ್ಯಾಕೆಟ್ ಎತ್ತಿ, ಅದನ್ನು ಡಿಸ್ಕಿಗೆ ಬರೆದು, ಬರೆದದ್ದು ಮುಗಿದ ಮೇಲೆ ಇನ್ನೊಂದನ್ನು ಎತ್ತುತ್ತಿತ್ತು. ನಾನು ಅವರ ಮುಖ ನೋಡಿದೆ. "ನೋಡಬೇಡ. ನಾನೂ ಬೀಗ ಎಳೆಯೋನೇ" ಅಂದರು. ಈಗ ಒಂದು ಕೈ ಬರೀ ಎತ್ತಿ ದೊಡ್ಡ ಡಬ್ಬಕ್ಕೆ ಹಾಕುತ್ತದೆ, ಇನ್ನೊಂದು ಕೈ ಡಬ್ಬ ತುಂಬಿದಾಗ ಒಟ್ಟಿಗೇ ಡಿಸ್ಕಿಗೆ ಸುರಿಯುತ್ತದೆ.

ಟೆಸ್ಟಿನ ದಿನ ಮೇಡಂ ಬಂದು ಆ ತುದಿಯಲ್ಲಿ ನಿಂತರು. ಎಂಟುನೂರ ಎಪ್ಪತ್ತೊಂದು. ಹಿಂದಿನ ದಿನ ಒಂಬೈನೂರು ದಾಟಿತ್ತು! ಅಷ್ಟರಲ್ಲಿ ಗಡ್ಡದಣ್ಣ "ಅಯ್ಯೋ" ಎಂದು ಹಾರಿ ಬಂದರು. ಮೇಡಂಗೆ ಚೆಂದ ಕಾಣಲಿ ಎಂದು ಅವರು ಅವತ್ತು ಬೆಳಿಗ್ಗೆ ಪರದೆಯ ಮೇಲೆ ಬಣ್ಣಬಣ್ಣದ ಗ್ರಾಫ್ ಓಡುವ ಹಾಗೆ ಮಾಡಿದ್ದರು. ಮೆಷಿನ್ನಿನ ಶಕ್ತಿಯನ್ನೆಲ್ಲ ಆ ಗ್ರಾಫೇ ತಿನ್ನುತ್ತಿತ್ತು.

"ಮುಚ್ಚಪ್ಪಾ ನಿನ್ನ ರಂಗೋಲಿ" ಅಂದರು ಮೇಡಂ.

ಮುಚ್ಚಿದರು. ಒಂಬೈನೂರ ಮೂವತ್ತನಾಲ್ಕು. ಒಂದೂ ತಪ್ಪಿಲ್ಲ, ಆ ತುದಿಯಲ್ಲಿ. ಮೇಡಂ ಕುರ್ಚಿ ಎಳೆದು ಕೂತು ಟೀ ಮುಗಿಯುವವರೆಗೆ ನೋಡಿದರು. ಅಂಕಿ ಅಲುಗಲಿಲ್ಲ. ಎದ್ದು ಹೋಗುವಾಗ ನನ್ನ ತಲೆಯ ಮೇಲೆ ಫೈಲಿನಿಂದ ಮೆಲ್ಲಗೆ ಒಂದು ಏಟು ಹಾಕಿದರು.

ನಾನು ಬರುತ್ತಿದ್ದೇನೆ, ಚಿಕ್ಕಮ್ಮ. ಬೋರ್ಡಿನ ಜೊತೆ.

ಇನ್ನು ನಿನ್ನ ಹವಾಮಾನದವರ ವಿಷಯ. ಅವರನ್ನು ಚಿಕ್ಕಪ್ಪ ಅನ್ನಬೇಕೋ, ಸರ್ ಅನ್ನಬೇಕೋ ಎಂದು ಯೋಚಿಸಿ ತಲೆಕೆಟ್ಟಿದೆ. ಚಿಕ್ಕಪ್ಪ ಎಂದು ಕನ್ನಡಿಯ ಮುಂದೆ ಹೇಳಿ ನೋಡಿದೆ, ಬಾಯಿಗೆ ಇನ್ನೂ ಹೊಸದು. ಅವರಿಗೆ ಅಭ್ಯಂತರವಿಲ್ಲದಿದ್ದರೆ ಅದೇ ಇರಲಿ. ನೀನು ಬರೆಯಲು ಹೆದರಿದಾಗ ಅವರು ನನ್ನ ಪರವಾಗಿ ನಿನ್ನನ್ನು ಬೈದರಲ್ಲ, ಅಲ್ಲಿಗೆ ಅರ್ಧ ಚಿಕ್ಕಪ್ಪ ಆಗಿಯೇ ಬಿಟ್ಟರು.

ಅಪ್ಪ ಅಮ್ಮನಿಗೆ ಹೇಳಿದ್ದೀಯಾ? ಹೇಳಿಲ್ಲವಾದರೆ ಭಾನುವಾರ ನಾನೇ ಹೇಳುತ್ತೇನೆ. ಅಮ್ಮ ಮೊದಲು "ನನ್ನ ತಂಗೀನಾ?" ಅಂತ ಕಿರುಚುತ್ತಾಳೆ, ಆಮೇಲೆ ರಜೆ ಹಾಕಿ ಓಡಿ ಬರುತ್ತಾಳೆ.

ಏಪ್ರಿಲ್ ಮೂರರ ಬೆಳಗಿನ ಬಸ್ಸಿನಲ್ಲಿ ಸೀಟು ಇದೆ. ಮದುವೆಯ ಸಹಿ ಆರನೇ ತಾರೀಕಿಗೆ ಇಟ್ಟುಕೊಂಡರೆ ಹೇಗೆ? ಬಾಗಿಲು ಅಷ್ಟರೊಳಗೆ ಕೂರದಿದ್ದರೆ ಗೋಡೆಯ ತೂತಿನಲ್ಲಿ ನುಸುಳಿ ಓಡಾಡೋಣ, ಮೇಸ್ತ್ರಿಗೆ ಕಲ್ಲು ಹೊರಲು ನಾನೂ ಇರುತ್ತೇನೆ. ಆದರೆ ಮೂರು ಆಗುವುದಿಲ್ಲ, ಹತ್ತು ಅಂದರೆ ಹತ್ತಕ್ಕೇ ಬರುತ್ತೇನೆ, ಈ ಸಲ ಅಳುವುದಿಲ್ಲ. ಒಂದು ದಿನ ಹೇಳು, ಸಾಕು.

ಈ ಕಾಗದ ತಂದ ಜೀಪಿನಲ್ಲೇ ಉತ್ತರ ಕೊಟ್ಟು ಕಳಿಸು, ಸೀಟು ಹೋಗಿಬಿಡುತ್ತದೆ. ದಯವಿಟ್ಟು ಬೇಗ ಬರೆ.

ಮೆಣಸು